ನೀಲಮ್ಮತ್ತೆಯ ತುಟಿಗೆ ಕೂಡದ ಹಾಡು

ನಾನು ಮ್ಯೂಸಿಕ್ ವಿಡಿಯೋ ನಿರ್ದೇಶಕಿ. ಹೀಗೆಂದ ಕೂಡಲೇ ಜನ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡುತ್ತಾರೆ. ಕಣ್ಣು ಕಾಲೇಜಿನ ಗುರುತಿನ ಚೀಟಿಯ ಮಟ್ಟಕ್ಕೆ ಇಳಿದಾಗ ಒಂದು ಕ್ಷಣ ನಿಲ್ಲುತ್ತದೆ. ನನ್ನ ಮರ್ಯಾದೆಯೂ ಅಲ್ಲೇ ನಿಲ್ಲುತ್ತದೆ. ಹದಿನೇಳರ ವಯಸ್ಸಿಗೆ 'ವೃತ್ತಿಜೀವನ' ಎಂಬ ಮಾತನ್ನು ಆಡಬಾರದಂತೆ. ಯಾಕೆ ಆಡಬಾರದು? ನಾನು ಈವರೆಗೆ ಮೂರು ವಿಡಿಯೋ ಮಾಡಿದ್ದೇನೆ. ಆದ್ದರಿಂದ ನನ್ನ ಬದುಕನ್ನು ಆರಂಭಕಾಲ, ಮಧ್ಯಕಾಲ, ಪ್ರೌಢಕಾಲ ಎಂದು ಸಲೀಸಾಗಿ ಪಾಲು ಮಾಡಬಹುದು. ಪಠ್ಯಪುಸ್ತಕದಲ್ಲಿ ಮಹಾಮಹಾ ಕವಿಗಳಿಗೂ ಇರುವುದು ಮೂರೇ ಕಾಲ.

ಆರಂಭಕಾಲದ ಕೃತಿ ನಮ್ಮ ಮನೆಯ ಮಾಳಿಗೆಯ ಮೇಲೆ ತಯಾರಾಯಿತು. ನಾಯಕಿ ನಾನು, ನಿರ್ದೇಶಕಿ ನಾನು, ವಸ್ತ್ರವಿನ್ಯಾಸ ಅಕ್ಕನ ಕಪಾಟು. ಛಾಯಾಗ್ರಹಣ ಮತ್ತು ಸಂಕಲನ ಸಾನಿಯಾಳದು. ಸಾನಿಯಾ ನಮ್ಮ ಕಲಬುರಗಿಯದೇ ಮೋಮಿನಪುರ ಓಣಿಯ ಹುಡುಗಿ. ಕಾಲೇಜಿನಲ್ಲಿ ಒಂದೇ ಬೆಂಚನ್ನು ಹಂಚಿಕೊಂಡ ತಪ್ಪಿಗೆ ನನ್ನ ಕಲಾಜೀವನವನ್ನೂ ಹಂಚಿಕೊಂಡವಳು. ಅವಳ ವಿಮರ್ಶೆಯಲ್ಲಿ ದಖನಿಯ ಎರಡೇ ಪದ: ಇಷ್ಟವಾದರೆ 'ಹೌ', ಇಲ್ಲವಾದರೆ 'ನಕ್ಕೋ'. ನನ್ನ ಮೊದಲ ವಿಡಿಯೋ ಪೂರ್ತಿ ನೋಡಿ ಅವಳು ಎರಡು ಸಲ 'ನಕ್ಕೋ' ಅಂದಳು.

ಆ ವಿಡಿಯೋದಲ್ಲಿ ನಾನು ಕಂಡುಕೊಂಡ ತಂತ್ರ ಸ್ಲೋ ಮೋಷನ್. ಏನೂ ನಡೆಯದೆ ಇದ್ದಾಗ ಅದನ್ನು ನಿಧಾನವಾಗಿ ನಡೆಸುವ ವಿದ್ಯೆ ಇದು. ನಾನು ಮಾಳಿಗೆಯ ಈ ತುದಿಯಿಂದ ಆ ತುದಿಗೆ ನಡೆಯುತ್ತೇನೆ. ದುಪಟ್ಟಾ ಹಾರುತ್ತದೆ. ಹಾರಲಿ ಎಂದು ಸಾನಿಯಾ ಟೇಬಲ್ ಫ್ಯಾನನ್ನು ಹೊತ್ತು ನನ್ನ ಮುಂದೆ ಹಿಮ್ಮುಖವಾಗಿ ನಡೆದಿದ್ದಳು. ಕೊನೆಗೆ ದುಪಟ್ಟಾ ನಿಜವಾಗಿಯೇ ಹಾರಿ ಪಕ್ಕದ ಮನೆಯ ಡಿಶ್ಶಿಗೆ ಸುತ್ತಿಕೊಂಡಿತು. ಅವರ ಮನೆಯಲ್ಲಿ ಧಾರಾವಾಹಿ ನಿಂತಿತು. ನನ್ನ ಕಲೆ ಸಮಾಜದ ಮೇಲೆ ಬೀರಿದ ಮೊದಲ ಪರಿಣಾಮ ಅದು.

ಮಧ್ಯಕಾಲದಲ್ಲಿ ನಾನು ವಿರಹದ ಕಡೆ ಹೊರಳಿದೆ. ನಮ್ಮ ಕ್ಲಾಸಿನ ಹುಡುಗನೊಬ್ಬನನ್ನು ನಾಯಕನನ್ನಾಗಿ ಮಾಡಿ ಕೋಟನೂರಿನ ಕಚ್ಚಾ ರಸ್ತೆಗೆ ಕರೆದುಕೊಂಡು ಹೋದೆವು. ಅವನು ತಲೆ ತಗ್ಗಿಸಿ ನಡೆಯಬೇಕು, ಒಮ್ಮೆ ಆಕಾಶ ನೋಡಬೇಕು, ಅಷ್ಟೇ. ನಡುವೆ ಹತ್ತು ಎಮ್ಮೆಗಳು ಬಂದವು. ಎಮ್ಮೆಗಳಲ್ಲಿ ಒಂದೂ ಕ್ಯಾಮೆರಾ ನೋಡಲಿಲ್ಲ, ನಾಯಕ ನೋಡಿದ. ವಿಡಿಯೋ ನೋಡಿದವರೆಲ್ಲ ಎಮ್ಮೆಗಳ ಅಭಿನಯವನ್ನು ಮೆಚ್ಚಿಕೊಂಡರು. ಅವುಗಳ ಮುಖದಲ್ಲಿ ಇದ್ದದ್ದು ನಿಜವಾದ ವಿರಹವಂತೆ.

ಇಷ್ಟರಲ್ಲಿ ಅಪ್ಪನ ಪ್ರವೇಶವಾಯಿತು. ಸೇಡಂ ರಸ್ತೆಯಲ್ಲಿ ಅಪ್ಪನ ಔಷಧದ ಅಂಗಡಿ ಇದೆ. ಚೀಟಿಯ ಮೇಲೆ ಬರೆದಿರದ ಯಾವುದನ್ನೂ ನಂಬದ ಮನುಷ್ಯ. ಮಗಳು ಡಾಕ್ಟರ್ ಆಗಬೇಕು, ಅವಳು ಬರೆದ ಚೀಟಿಯನ್ನು ತಾವು ಓದಬೇಕು ಎಂಬುದು ಅವರ ಕನಸು. ಕಲಬುರಗಿಯಲ್ಲಿ ಡಾಕ್ಟರ ಅಕ್ಷರ ಓದಬಲ್ಲ ಕೆಲವೇ ಜನರಲ್ಲಿ ಅವರೊಬ್ಬರು, ಆದ್ದರಿಂದ ಕನಸು ತೀರಾ ಅಸಾಧ್ಯದ್ದೇನಲ್ಲ. ವೈದ್ಯಕೀಯ ಕೋಚಿಂಗಿಗೆ ಸೇರಲು ಕೊನೆಯ ದಿನ ಒಂದು ಸೋಮವಾರ ಇತ್ತು. ಅದಕ್ಕೆ ಮೂರು ವಾರ ಮೊದಲು ಅಪ್ಪ ನನ್ನನ್ನು ಅಂಗಡಿಗೆ ಕರೆಸಿ ಶರತ್ತು ಹಾಕಿದರು.

"ನಮ್ಮ ಸಂಬಂಧ ಇಲ್ಲದ ಒಬ್ಬ ಮನಷ್ಯಾ, ನನ್ನ ಕಣ್ಣೆದುರಿಗಿ, ನಿನ್ನ ವಿಡಿಯೋ ಶುರುವಿನಿಂದ ಕಡೀತನಾ ನೋಡ್ಲಿ. ನಡುವ ಬಿಟ್ಟು ಎದ್ರ ಲೆಕ್ಕಕ್ಕಿಲ್ಲ."

"ನೋಡಿದ್ರ?"

"ನೀ ಬೇಕಾದ್ದು ಓದು, ಬೇಕಾದ್ದು ಮಾಡು. ನೋಡ್ಲಿಲ್ಲಂದ್ರ ಫೋನ್ ನನ್ನ ಗಲ್ಲಾದಾಗ, ನೀ ಕೋಚಿಂಗಿನಾಗ."

ಕೇಳಲು ಸುಲಭ. ಅಂಗಡಿಯ ಮುಂದೆ ಬೆಂಚಿದೆ, ಬೆಂಚಿನ ಮೇಲೆ ಔಷಧಕ್ಕೆ ಕಾಯುವ ಜನರಿದ್ದಾರೆ. ಮೊದಲ ದಿನವೇ ಮೊಳಕಾಲು ನೋವಿನ ಹಿರಿಯರೊಬ್ಬರಿಗೆ ಕೋಟನೂರಿನ ವಿರಹವನ್ನು ತೋರಿಸಿದೆ. ಎಮ್ಮೆಗಳು ಬಂದಾಗ ಅವರು ಕಣ್ಣರಳಿಸಿ "ಯಾರವು ಇವು? ಹಾಲು ಎಷ್ಟು ಕೊಡತಾವ?" ಅಂದರು. ಎಮ್ಮೆಗಳು ಹೋದ ಮೇಲೆ ಅವರೂ ಹೋದರು. ಎರಡನೆಯ ಸಲ ಒಬ್ಬ ಹೆಂಗಸು ಮುಕ್ಕಾಲು ಭಾಗ ನೋಡಿದರು. ಅಷ್ಟರಲ್ಲಿ ಅಪ್ಪ "ಯಾವ ಊರ್ರೀ ನಿಮ್ದು?" ಎಂದು ಕೇಳಿಬಿಟ್ಟರು. ನಮ್ಮ ಕಲಬುರಗಿಯಲ್ಲಿ ಈ ಪ್ರಶ್ನೆ ಕೇಳಿದರೆ ಮೂರನೆಯ ಉತ್ತರದೊಳಗೆ ಎದುರಿಗಿರುವವರು ಬೀಗರಾಗುತ್ತಾರೆ. ಆ ಹೆಂಗಸು ಅವ್ವನ ಸೋದರಮಾವನ ನಾದಿನಿಯಾಗಿ ಹೊರಬಿದ್ದರು. ಅಪ್ಪ ಸಂತೋಷದಿಂದ ಅವರಿಗೆ ಚಹಾ ತರಿಸಿ, ನನಗೆ ಸೊನ್ನೆ ಕೊಟ್ಟರು.

ಆಗ ನನಗೆ ನೀಲಮ್ಮತ್ತೆ ನೆನಪಾದಳು. ಅಪ್ಪನ ಅಕ್ಕ. ಕಮಲಾಪುರದಲ್ಲಿ ಅವಳದು ಕೆಂಪು ಬಾಳೆಯ ತೋಟ. ಹಾಡುಗಾರಿಕೆಯಲ್ಲಿ ಅವಳಿಗೆ ಸಾಟಿ ಇಲ್ಲ. ನಮ್ಮ ಕಡೆ ಮದುವೆಯ ಅರಿಶಿನದ ದಿನ ಹೆಣ್ಣಿನ ಕಡೆಯ ಹೆಂಗಸರು ಒಂದು ಸಾಲು, ಗಂಡಿನ ಕಡೆಯವರು ಎದುರು ಸಾಲು ಕೂತು ಹಾಡುತ್ತಾರೆ. ಅವರು ನಮ್ಮ ದೊಡ್ಡಮ್ಮನ ಮೂಗನ್ನು ಹಾಡಿದರೆ ನಾವು ಅವರ ಮಾವನ ಹೊಟ್ಟೆಯನ್ನು ಹಾಡಬೇಕು. ಉತ್ತರ ಹೊಳೆಯದೆ ಸುಮ್ಮನಾದ ಸಾಲು ಸೋತಂತೆ. ನೀಲಮ್ಮತ್ತೆ ಕೂತ ಸಾಲು ಸೋತದ್ದನ್ನು ಕಂಡವರಿಲ್ಲ. ಅವಳು ಯಾವ ಕಡೆ ಕೂರುತ್ತಾಳೆ ಎಂದು ತಿಳಿದುಕೊಂಡೇ ಬೀಗರು ದಿಬ್ಬಣ ಹೊರಡಿಸುತ್ತಾರಂತೆ. ಇದು ನಾನೇ ಸೇರಿಸಿದ ಮಾತು, ಆದರೂ ನಂಬಬಹುದು.

ಅತ್ತೆ ಕಲಬುರಗಿಗೆ ಬಂದ ದಿನ ಒಳಕೋಣೆಯ ಕಿಟಕಿಗಳಿಗೆ ಗಾದಿ ಒತ್ತಿ, ಫ್ಯಾನ್ ಆರಿಸಿ ಹಾಡು ಮುದ್ರಿಸಿದೆವು. ಏಪ್ರಿಲ್ ತಿಂಗಳು. ಸಾನಿಯಾ ಕರಗಿ ಅರ್ಧ ಆದಳು, ನಾನು ಮೊದಲೇ ಅರ್ಧ ಇದ್ದವಳು. ಅತ್ತೆ ಮಾತ್ರ ಹೆಣ್ಣಿನ ಕಡೆಯವಳಾಗಿ ಬೀಗಿತ್ತಿಯನ್ನು ಹುರಿದಳು:

"ಆಚಿ ಮನಿ ಬೀಗತಿ ಬಂದಾಳ, ಬಾಗಲಾಗ ನಿಂತಾಳ
ಕೂಡಂದ್ರ ಕೂಡಲಿಲ್ಲ, ಕುಂತಾಕಿ ಏಳಲಿಲ್ಲ"

ಸಾನಿಯಾ ಒಂದೇ ಸಲ 'ಹೌ' ಅಂದಳು. ನನ್ನ ಪ್ರೌಢಕಾಲ ಶುರುವಾಯಿತು.

ಕೊನೆಯ ಸೋಮವಾರಕ್ಕೆ ಮುಂಚಿನ ಭಾನುವಾರ ಇಬ್ಬರೂ ಬಸ್ಸು ಹತ್ತಿ ಕಮಲಾಪುರಕ್ಕೆ ಹೋದೆವು. ನನ್ನ ತಲೆಯಲ್ಲಿ ಚಿತ್ರ ಸಿದ್ಧವಾಗಿತ್ತು. ಕೆಂಪು ಬಾಳೆಯ ಸಾಲಿನ ನಡುವೆ ಹಸಿರು ಇಳಕಲ್ ಸೀರೆಯ ಅತ್ತೆ. ನಿಧಾನ ನಡಿಗೆ. ಆಮೇಲೆ ಹಿಂತಿರುಗಿ ಒಂದು ನೋಟ. ಹಿಂತಿರುಗಿ ನೋಡುವುದು ನಮ್ಮ ವೃತ್ತಿಯ ಎರಡನೆಯ ದೊಡ್ಡ ತಂತ್ರ. ನಾಯಕಿಯರೆಲ್ಲ ನೋಡುತ್ತಾರೆ, ಹಿಂದೆ ಯಾರೂ ಇರುವುದಿಲ್ಲ.

"ಹಿಂದ ಏನದ ನೋಡ್ಲಾಕ?" ಅತ್ತೆ ಕೇಳಿದಳು.

"ಏನಿಲ್ಲ ಅತ್ತಿ, ಸುಮ್ನ ನೋಡು."

"ಏನಿಲ್ಲಂದ್ರ ಯಾಕ ನೋಡ್ಲಿ ಪೋರಿ? ಕುತಗಿ ಹಿಡೀತದ. ಮತ್ತ ಆ ಗೊನಿಗಿ ಕೈ ಹಚ್ಚಬ್ಯಾಡ, ನಾಳಿಗಿ ಕೊಯ್ಯೋದದ."

ಹತ್ತು ಗಂಟೆಗೇ ಬಿಸಿಲಿಗೆ ಫೋನ್ ಕಾದು, ತಣ್ಣಗಾಗುವವರೆಗೆ ಕೆಲಸ ಮಾಡುವುದಿಲ್ಲ ಎಂದು ಬರೆದುಕೊಂಡು ಮಲಗಿತು. ನಮ್ಮ ಭಾಗದ ಕಲಾವಿದರ ಶತ್ರು ಬಡತನವಲ್ಲ, ಬಿಸಿಲು. ಫೋನನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ನೀರಿನ ಗಡಿಗೆಗೆ ಒರಗಿಸಿದೆವು. ಜ್ವರ ಇಳಿದ ಮೇಲೆ ಸಾನಿಯಾ ಅತ್ತೆಯ ಛತ್ರಿಯನ್ನು ಫೋನಿಗೆ ಹಿಡಿದು ತಾನು ಬಿಸಿಲಿನಲ್ಲಿ ನಿಂತಳು. ನಾನು ಬದುವಿನ ಮೇಲೆ ಸ್ಪೀಕರ್ ಇಟ್ಟೆ.

ಇಲ್ಲಿ ಒಂದು ಮಾತು ಹೇಳಬೇಕು. ಇಡೀ ಹಾಡಿನ ಉದ್ಯಮ ನಿಂತಿರುವುದು ತುಟಿಯ ಮೇಲೆ. ದನಿ ಒಬ್ಬರದು, ತುಟಿ ಒಬ್ಬರದು, ಕಣ್ಣೀರು ಗ್ಲಿಸರಿನ್ನಿನದು. ಮೂರೂ ಒಂದೇ ಎದೆಯಿಂದ ಬಂದವು ಎಂದು ನಂಬಿಸುವವರೇ ನಿರ್ದೇಶಕರು. ನನ್ನ ಹಾಡಿನಲ್ಲಿ ದನಿಯೂ ತುಟಿಯೂ ಒಬ್ಬರದೇ. ಇದಕ್ಕಿಂತ ಸುಲಭ ಯಾವುದಿದೆ ಎಂದುಕೊಂಡೆ.

"ಅತ್ತಿ, ಇದರಾಗ ನಿನ್ನ ಹಾಡು ಬರತದ. ನೀ ಬರೇ ತುಟಿ ಆಡಸು."

"ಅಂದ್ರ ಅಕಿ ಹಾಡಬೇಕು, ನಾ ಸುಮ್ನ ಇರಬೇಕು?"

"ಅಕಿ ಅಂದ್ರ ನೀನೇ ಅತ್ತಿ!"

"ನಾನೇ ಇದ್ರ ನನಗ ಯಾಕ ಸುಮ್ನಿರು ಅಂತಾಳ?"

ಸ್ಪೀಕರ್ ಹಾಡಿತು: ಬೀಗತಿ ಬಂದಾಳ, ಕುಂತಾಕಿ ಏಳಲಿಲ್ಲ. ಅತ್ತೆಯ ತುಟಿ ಹಾಡಿಗೆ ಕೂಡಲಿಲ್ಲ. ಅವಳು ಸೊಂಟಕ್ಕೆ ಸೆರಗು ಬಿಗಿದು, ಬದುವಿನ ಎದುರು ನಿಂತು, ಮುಂದಿನ ಸಾಲು ಬರುವ ಮುಂಚೆ ಸ್ಪೀಕರಿಗೆ ಉತ್ತರ ಕೊಟ್ಟಳು:

"ನಿಂದರಾಕ ನೆಳ್ಳಿಲ್ಲ, ಕೂಡಾಕ ಚಾಪಿಲ್ಲ
ಏಳಂದ್ರ ಏಳತೀನಿ, ಊಟಕ್ಕ ಎಬ್ಬಸರೆ"

ನಾನು "ಕಟ್" ಅಂದೆ. ಯಾರೂ ಕೇಳಲಿಲ್ಲ. ಇನ್ನೊಮ್ಮೆ ಕೂಗಿದೆ. ಜೀವಮಾನವಿಡೀ ಎದುರು ಸಾಲಿನ ದನಿ ಬಂದಾಗ ಉತ್ತರ ಕೊಟ್ಟ ಬಾಯಿ ಅದು. ಆ ದನಿ ತನ್ನದೇ ಆದರೆ ಬಿಡುತ್ತದೆಯೇ? ಇನ್ನೂ ಜೋರಾಗುತ್ತದೆ, ತನಗೆ ಸಮನಾದ ಎದುರಾಳಿ ಮೊದಲ ಸಲ ಸಿಕ್ಕಿದ್ದಾಳಲ್ಲ. ತೋಟದಲ್ಲಿ ಕೆಲಸಕ್ಕಿದ್ದ ಹೆಂಗಸರು ಕೆಲಸ ಬಿಟ್ಟು ಬಂದು ಅತ್ತೆಯ ಹಿಂದೆ ಸಾಲಾಗಿ ಕೂತರು. ನಾನು ಸ್ಪೀಕರ್ ಆರಿಸಲು ಹೊರಟೆ.

"ನಕ್ಕೋ!" ಛತ್ರಿಯ ಕೆಳಗಿಂದ ಸಾನಿಯಾ ಗದರಿದಳು. "ನಡುವ ಬಾಯಿ ಹಾಕಬ್ಯಾಡ. ನೀ ಡೈರೆಕ್ಟರ್ ಇದ್ದಿ, ಸುಮ್ನ ಕೂಡು."

ನಿರ್ದೇಶನದ ಬಗ್ಗೆ ಇದಕ್ಕಿಂತ ಒಳ್ಳೆಯ ಪಾಠವನ್ನು ಯಾರೂ ನನಗೆ ಹೇಳಿಲ್ಲ. ಕೂತೆ.

ಪೆಟ್ಟಿಗೆಯೊಳಗಿನ ನೀಲಮ್ಮ, ತೋಟದೊಳಗಿನ ನೀಲಮ್ಮ. ಒಬ್ಬಳು ಚುಚ್ಚಿದರೆ ಇನ್ನೊಬ್ಬಳು ಎರಡು ಪಟ್ಟು ಚುಚ್ಚುತ್ತಿದ್ದಳು. ಕೊನೆಗೆ ಸ್ಪೀಕರ್ ತನ್ನ ಕಟ್ಟಕಡೆಯ ಬಾಣ ಬಿಟ್ಟಿತು:

"ಹಣ್ಣ ನಾವು ಕೊಟ್ಟೀವಿ, ಸಿಪ್ಪಿ ಅವರು ಕೊಟ್ಟಾರ
ಮಾತ ಬರತಾವಂದ್ರ ಬೀಗತಿಗಿ, ಬಾಯಿ ಯಾಕ ಕಟ್ಟ್ಯಾದ?"

ಅತ್ತೆ ತೋರುಬೆರಳು ಎತ್ತಿದಳು, ಬಾಯಿ ತೆರೆದಳು. ಫೋನಿಗೆ ಮತ್ತೆ ಜ್ವರ ಏರಿ ಕಪ್ಪಾಯಿತು.

ಆಮೇಲೆ ಅತ್ತೆ ಕೊಟ್ಟ ಉತ್ತರಕ್ಕೆ ಬಾಳೆಯ ಗಿಡಗಳೂ ನಕ್ಕವು. ಆದರೆ ಅದು ಯಾವ ಫೋನಿನಲ್ಲೂ ಇಲ್ಲ. ಇನ್ನೊಮ್ಮೆ ಹಾಡು ಎಂದು ಕಾಲು ಹಿಡಿದೆ. "ಒಮ್ಮಿ ಕೊಟ್ಟ ಉತ್ತರಾ ಮತ್ತ ಕೊಡಬಾರದು ನಮ್ಮವ್ವ. ಎಂಜಲಾಗತದ" ಅಂದಳು. ಕೈಯಲ್ಲಿ ಉಳಿದದ್ದು ತುಟಿ ಕೂಡದ, ಕೊನೆಯೂ ಇಲ್ಲದ ಒಂದು ಜಗಳ. ಬೆಳಗಾದರೆ ಸೋಮವಾರ.

ಬಸ್ಸಿನಲ್ಲಿ ಬರುವಾಗ ನಾನು ಕಥೆ ಹೇಳುವ ಬಗ್ಗೆ ಗಂಭೀರವಾಗಿ ಯೋಚಿಸಿದೆ. ಅಳುವುದಕ್ಕಿಂತ ಅದು ಮೇಲು. ಅಜ್ಜಿಯರು ಕಥೆ ಹೇಳುವಾಗ ಕೇಳುವವರು 'ಹೂಂ' ಅನ್ನುತ್ತಲೇ ಇರಬೇಕು. ಹೂಂ ನಿಂತರೆ ಕಥೆಯೂ ನಿಲ್ಲುತ್ತದೆ, ರಾಜಕುಮಾರ ಅರ್ಧ ಮರದ ಮೇಲೆಯೇ ಉಳಿಯುತ್ತಾನೆ. ನನ್ನ ಹಿಂದಿನ ಎರಡೂ ವಿಡಿಯೋಗಳಿಗೆ ಯಾರ ಹೂಂ ಕೂಡ ಬೇಕಿರಲಿಲ್ಲ. ದುಪಟ್ಟಾ ತನ್ನಷ್ಟಕ್ಕೆ ಹಾರುತ್ತಿತ್ತು, ನಾಯಕ ತನ್ನಷ್ಟಕ್ಕೆ ಆಕಾಶ ನೋಡುತ್ತಿದ್ದ. ನೋಡುವವರಿಗೆ ಅಲ್ಲಿ ಮಾಡಲು ಏನು ಕೆಲಸವಿತ್ತು? ಎದ್ದು ಹೋಗುವುದೊಂದನ್ನು ಬಿಟ್ಟು?

ಸೋಮವಾರ ಅಂಗಡಿಯ ಬೆಂಚಿನ ಮೇಲೆ ಒಬ್ಬ ಹೆಂಗಸು ಕೂತಿದ್ದರು, ನಮ್ಮ ಕಡೆಯ ಮಾತಿನಲ್ಲಿ ಯಮ್ಮ. ಐವತ್ತರ ಆಸುಪಾಸು, ಮಡಿಲಲ್ಲಿ ಬಟ್ಟೆಯ ಚೀಲ, ಕೈಯಲ್ಲಿ ಡಾಕ್ಟರ ಚೀಟಿ. ಅಪ್ಪ ಚೀಟಿ ಈಸಿಕೊಂಡು ಗುಳಿಗೆ ಹುಡುಕಲು ತಿರುಗಿದ್ದೇ ತಡ, ನಾನು ಪಕ್ಕದಲ್ಲಿ ಕೂತು ಫೋನ್ ಹಿಡಿದೆ. ಅವರು ಮೊದಲು ನನ್ನನ್ನು ನೋಡಿದರು, ಆಮೇಲೆ ಅತ್ತೆಯನ್ನು. ಎರಡನೆಯ ಸಾಲಿಗೆ ಚೀಲ ಕೆಳಗಿಟ್ಟರು. ಮೂರನೆಯದಕ್ಕೆ "ಅಬ್ಬಾ ಇಕಿನ!" ಅಂದರು. ಅಪ್ಪ ಗುಳಿಗೆಯ ಪಟ್ಟಿ ಹಿಡಿದು ಬಂದರು. ಯಮ್ಮ ಕೈ ಚಾಚಲಿಲ್ಲ. ಪರದೆ ಕಪ್ಪಾಯಿತು.

"ಮುಂದ?"

"ಮುಂದ ಇಲ್ಲ ರೀ ಯಮ್ಮಾ. ಫೋನ್ ಕಾಯ್ದು ಬಂದ್ ಬಿತ್ತು."

"ಬಂದ್ ಬಿತ್ತಂದ್ರ? ಅಷ್ಟು ಅನಸ್ಕೊಂಡು ಆ ಹೆಣಮಗಳು ಸುಮ್ನ ಕುಂತಳು ಅಂತ ಜಗತ್ತೆಲ್ಲಾ ನೋಡಬೇಕು?"

ಅವರಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. ಯಾರದೋ ಊರಿನ, ಯಾರದೋ ತೋಟದ ಸಾಲು ತಮ್ಮ ಕಣ್ಣೆದುರು ಸೋಲುವುದನ್ನು ಅವರಿಂದ ನೋಡಲಾಗಲಿಲ್ಲ. ಸೆರಗು ಸರಿ ಮಾಡಿಕೊಂಡು, ನನ್ನ ಕೈಯಲ್ಲಿದ್ದ ಕಪ್ಪು ಪರದೆಗೆ ಮುಖ ಕೊಟ್ಟು, ಸೇಡಂ ರಸ್ತೆಯ ಹಾರ್ನುಗಳ ಮೇಲೆ ದನಿ ಎತ್ತಿದರು:

"ಸಿಪ್ಪಿ ಕೊಟ್ಟರೇನಾತ, ಗಿಡಾ ನಮ್ಮ ತ್ವಾಟದ್ದ
ಬಾಯಿ ಕಟ್ಟಿಲ್ಲ ಬೀಗತಿ, ಹಣ್ಣ ತಿನಲಾಕತ್ತೀನಿ"

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಕೆಮ್ಮಿನ ಔಷಧಕ್ಕೆ ಬಂದವರೊಬ್ಬರು ಕೆಮ್ಮನ್ನು ಮರೆತರು. ಯಮ್ಮ ಎರಡನೆಯ ನುಡಿ ಎತ್ತಿಕೊಂಡರು, ಅದು ಮುಗಿಯುವ ಮುಂಚೆ ಮೂರನೆಯದು. ಯಾವ ಊರು ಎಂದು ಕೇಳಲು ಅಪ್ಪನಿಗೆ ಪುರಸೊತ್ತೇ ಸಿಗಲಿಲ್ಲ. ಗುಳಿಗೆಯ ಪಟ್ಟಿಯನ್ನು ಹಿಡಿದ ಕೈ ಗಾಳಿಯಲ್ಲೇ ಇತ್ತು. ಅಕ್ಕನ ಹಾಡು ಕೇಳಿ ಬೆಳೆದ ತಮ್ಮನ ಮುಖವೊಂದು ಅಂಗಡಿಯವರ ಮುಖದೊಳಗಿಂದ ಮೆಲ್ಲಗೆ ಇಣುಕುತ್ತಿತ್ತು. ಇದನ್ನು ಸ್ಲೋ ಮೋಷನ್ನಿನಲ್ಲಿ ತೆಗೆಯಬೇಕಿತ್ತು, ಆದರೆ ಯಮ್ಮನ ಎದುರಿನಿಂದ ಫೋನ್ ಸರಿಸುವ ಹಾಗಿರಲಿಲ್ಲ.

"ಅಪ್ಪಾ," ಅಂದೆ ಮೆಲ್ಲಗೆ, "ಅವರು ಕಡೀತನಾ ನೋಡಿದ್ರಲ್ಲ?"

ಅಪ್ಪ ನನ್ನ ಕಡೆ ತಿರುಗಲೇ ಇಲ್ಲ.

"ಎಲ್ಲಿ ಕಡಿ? ಅವರು ಇನ್ನಾ ಹಾಡ್ಲಾಕತ್ತಾರಲ್ಲ. ಸುಮ್ನಿರು, ಕೇಳ್ಲಾಕ ಬಿಡು. ಇದು ಮುಗಿಯೋತನಾ ಫೋನ್ ನಿನ್ನ ಕೈಯಾಗೇ ಇರ್ಲಿ."

ನಾನು ಯಮ್ಮನ ಮುಖ ನೋಡಿದೆ. ಮುಗಿಸುವ ಲಕ್ಷಣ ಎಲ್ಲೂ ಕಾಣಲಿಲ್ಲ.