ತಂಗಿ ತಂದ ಜೆಲಾಟಿನ್ ಪುಡಿ

ಮಡಕಶಿರಾಕ್ಕೆ ಮದುವೆಯಾಗಿ ಹೋದ ನನ್ನ ತಂಗಿ ಕಳೆದ ಬೇಸಿಗೆಯಲ್ಲಿ ರಾಯದುರ್ಗದ ನಮ್ಮ ಮನೆಗೆ ಬಂದವಳು, ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ಪೊಟ್ಟಣ ತೆಗೆದು ನನ್ನ ಹೆಂಡತಿಯ ಕೈಗಿಟ್ಟಳು. ಅದರ ಮೇಲೆ ಹೆಸರಿಲ್ಲ, ಕಂಪನಿಯಿಲ್ಲ. ಮುಖ್ಯವಾಗಿ ಹಸಿರು ಚುಕ್ಕೆಯೂ ಇಲ್ಲ, ಕಂದು ಚುಕ್ಕೆಯೂ ಇಲ್ಲ. ಒಳಗೆ ತಿಳಿಹಳದಿ ಪುಡಿ. ಜೆಲಾಟಿನ್ ಅಂತೆ, ಮೊಣಕಾಲಿಗೆ ಒಳ್ಳೆಯದಂತೆ, ದೊಡ್ಡ ಪ್ಯಾಕೆಟ್ಟು ತರಿಸಿ ಪಕ್ಕದ ಮನೆಯವರೂ ಅವಳೂ ಹಂಚಿಕೊಂಡದ್ದಂತೆ.

"ಅದು ಎಲುಬಿಂದಲ್ಲೇನು?" ಎಂದೆ.

"ಇದು ವೆಜ್ ಕಣಣ್ಣ, ಸಮುದ್ರದ ಪಾಚಿದು. ನೀನು ಪ್ರಸಾದ ಕೊಟ್ರೂ ಮೂಸಿ ನೋಡೋನು."

ಅದರಲ್ಲಿ ಕೊನೆಯ ಮಾತು ಮಾತ್ರ ನಿಜವೆಂದು ಆಗಲೇ ಅನಿಸಿತ್ತು. ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿ ಚೆಕಿಂಗ್ ನನ್ನ ಕೆಲಸ. ನೆಟ್ಟಗಿರುವ ಹೊಲಿಗೆಯನ್ನೂ ಒಂದು ಸಲ ಜಗ್ಗಿ ನೋಡುವುದಕ್ಕೇ ನನಗೆ ಸಂಬಳ. ಮನೆಗೆ ಬಂದ ಮೇಲೂ ಆ ಕೈ ಸುಮ್ಮನಿರುವುದಿಲ್ಲ.

ಮೊದಲ ದಿನ ನನ್ನ ಹೆಂಡತಿ ಪುಡಿಯನ್ನು ಕುದಿಯುವ ನೀರಿಗೆ ಸುರಿದಳು. ಅದು ಬೆಂದ ಸಾಬಕ್ಕಿಯ ಹಾಗೆ ಗಂಟುಗಂಟಾಗಿ ಚಮಚಕ್ಕೆ ಮೆತ್ತಿಕೊಂಡಿತು. ತಂಗಿಗೆ ಫೋನು ಹೋಯಿತು. ಕ್ರಮ ಬೇರೆಯಂತೆ: ಅರ್ಧ ಲೋಟ ತಣ್ಣೀರಿನ ಮೇಲೆ ಒಂದು ಚಮಚ ಪುಡಿ ಉದುರಿಸಬೇಕು, ಅದು ನೀರು ಕುಡಿದು ಉಬ್ಬುವ ತನಕ ಬಿಡಬೇಕು, ಆಮೇಲೆ ಬಿಸಿನೀರು ಬೆರೆಸಿ ಕದಡಬೇಕು, ಒಲೆಯ ಮೇಲಿಟ್ಟು ಕುದಿಸಬಾರದು, ಬೆಚ್ಚಗಿರುವಾಗಲೇ ಕುಡಿಯಬೇಕು. ಹೆಂಡತಿ ನಿಂಬೆಹುಳಿ, ಬೆಲ್ಲ ಸೇರಿಸಿದಳು. ಅವಳು ಕುಡಿದಿಟ್ಟ ಖಾಲಿ ಲೋಟವನ್ನು ನಾನು ಮೂಸಿದೆ. ನಿಂಬೆಯ ಹಿಂದೆ ಏನೋ ಅಡಗಿ ಕೂತ ಹಾಗಿತ್ತು.

ಕುಡಿಯುವವಳು ಅವಳು, ನನಗೇಕೆ ಅನ್ನಬಹುದು. ನಮ್ಮದು ಮಾಂಸ ಮುಟ್ಟದ ಮನೆ, ಲಿಂಗಪೂಜೆ ಆಗದೆ ಬಾಯಿಗೆ ಏನೂ ಬೀಳುವುದಿಲ್ಲ. ಮೊಣಕಾಲು ಕೈಕೊಟ್ಟಾಗಿನಿಂದ ಅವಳು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಪೂಜೆ ಮಾಡುತ್ತಿದ್ದಳು. ಗಂಡ ನೆಲದ ಮೇಲೆ, ತಾನು ಎತ್ತರದಲ್ಲಿ ಎಂಬುದು ಅವಳಿಗೆ ನೋವಿಗಿಂತ ದೊಡ್ಡ ಸಂಕಟವಾಗಿತ್ತು. ಪುಡಿ ಶುರುವಾಗಿ ಕೆಲವು ವಾರವಾದ ಮೇಲೆ ಒಂದು ಬೆಳಿಗ್ಗೆ ಕುರ್ಚಿಯನ್ನು ಆಚೆ ನೂಕಿ, ಗೋಡೆ ಹಿಡಿದು, ಮೆಲ್ಲಗೆ ಚಾಪೆಯ ಮೇಲೆ ಕೂತಳು. ಎಡಗೈಯಲ್ಲಿ ಲಿಂಗವಿಟ್ಟುಕೊಂಡು ನನ್ನ ಕಡೆ ನೋಡಿ ನಕ್ಕಳು. ನಾನೂ ನಕ್ಕೆ. ನಗುತ್ತಲೇ ಇದೊಂದು ಯೋಚನೆ ಹೊಕ್ಕಿತು: ಅವಳನ್ನು ಪೂಜೆಗೆ ಕೂರಿಸಿದ್ದು ದನದ ಎಲುಬೇ ಆಗಿದ್ದರೆ?

ಫೋನಿನಲ್ಲಿ ಹುಡುಕಿದೆ. ಪಾಚಿಯದು ಕುದಿಸಿದರೇನೇ ಕರಗುತ್ತದೆ, ಹೊರಗಿಟ್ಟರೂ ಗಟ್ಟಿಯಾಗುತ್ತದೆ; ಎಲುಬು ಚರ್ಮದ್ದು ಬರೀ ಬಿಸಿನೀರಿಗೇ ಕರಗುತ್ತದೆ, ಗಟ್ಟಿಯಾಗಲು ತಂಪು ಬೇಕು ಎಂದಿತ್ತು. ಔಷಧಿ ಕ್ಯಾಪ್ಸೂಲುಗಳ ಹೊದಿಕೆಯೂ ಬಹುಪಾಲು ಇದರದ್ದೇ ಎಂಬ ಸಾಲು ಕಂಡಾಗ ಫೋನನ್ನು ಮಗುಚಿಟ್ಟೆ. ಗ್ಯಾಸ್ಟ್ರಿಕ್‌ಗೆಂದು ನಾನು ದಿನಾ ಒಂದು ನುಂಗುವವನು. ಆ ತನಿಖೆ ಇನ್ನೊಂದು ದಿನಕ್ಕಿರಲಿ ಅಂದುಕೊಂಡೆ.

ಹೆಂಡತಿ ಸಂತೆಗೆ ಹೋದಾಗ ಕಿರಾಣಿ ಅಂಗಡಿಯಿಂದ ಚೈನಾ ಗ್ರಾಸ್ ತಂದು ಕುದಿಸಿದೆ. ಅದು ಪಾಚಿಯದೇ ಎಂಬುದರಲ್ಲಿ ಅನುಮಾನವಿರಲಿಲ್ಲ. ತಂಗಿಯ ಪುಡಿಯನ್ನು ಅವಳು ಹೇಳಿದ ಹಾಗೇ ಕರಗಿಸಿದೆ. ಎರಡೂ ಬಟ್ಟಲುಗಳನ್ನು ಅಡುಗೆ ಕಟ್ಟೆಯ ಮೇಲಿಟ್ಟೆ. ಆ ಸೆಕೆಯಲ್ಲೂ ಚೈನಾ ಗ್ರಾಸ್ ಗಟ್ಟಿಯಾಯಿತು, ಪುಡಿ ನೀರಾಗಿಯೇ ಉಳಿಯಿತು. ಫ್ರಿಜ್ಜಿಗಿಟ್ಟ ಮೇಲಷ್ಟೇ ಗಿಣ್ಣಿನ ಹಾಗೆ ನಡುಗಿತು. ಒಂದು ತುಂಡನ್ನು ಅಂಗೈಗೆ ಹಾಕಿಕೊಂಡೆ. ಎಡಗೈ ಲಿಂಗದ್ದು, ಅದಕ್ಕೇ ಬಲಗೈ. ನೋಡುತ್ತಿದ್ದ ಹಾಗೆಯೇ ಕರಗಿ ಬೆರಳ ಸಂದಿಗಿಳಿಯಿತು. ಬೆರಳುಗಳು ಒಂದಕ್ಕೊಂದು ಅಂಟಿಕೊಂಡವು. ಹಿಂದೆ ಬಡಗಿಗಳು ಡಬ್ಬಿಯಲ್ಲಿ ಕಾಸುತ್ತಿದ್ದ ಎಲುಬಿನ ಅಂಟಿನ ವಾಸನೆ.

ಹೆಂಡತಿ ಸಂತೆಯ ಚೀಲ ಕೆಳಗಿಡುವುದರೊಳಗೆ, ಅದು ಪಾಚಿಯದಲ್ಲ, ಎಲುಬಿನದೇ ಎಂದು ಹೇಳಿಬಿಟ್ಟೆ. ಅವಳು ತರಕಾರಿಯನ್ನು ಬುಟ್ಟಿಗೆ ಸುರಿದಳು.

"ಪರೀಕ್ಷೆ ಮಾಡಿ ನಿಮಗೇನು ಸಿಕ್ತರಿ?" ಎಂದಳು ಕೊನೆಗೆ.

ಒಲೆಯ ಪಕ್ಕದ ಹಲಗೆಯಿಂದ ಪೊಟ್ಟಣ ಎತ್ತಿಕೊಂಡು ಹಿತ್ತಲಿಗೆ ಹೋದಳು. ಕಸಕ್ಕೆ ಹೋಯಿತೆಂದು ತಿಳಿದು, ಇನ್ನು ಕುರ್ಚಿ ಯಾವತ್ತು ವಾಪಸು ಬರುತ್ತದೋ ಎಂದು ದಿನಾ ಬೆಳಿಗ್ಗೆ ಕಾದೆ. ಬರಲಿಲ್ಲ. ಅವಳು ಚಾಪೆಯ ಮೇಲೇ ಕೂರುತ್ತಿದ್ದಳು. ಕಾಲು ತಾನಾಗಿಯೇ ವಾಸಿಯಾಗಿದ್ದರೆ ಸಂತೋಷವೇ. ಆದರೆ ನನಗೆ ಸಂತೋಷವೂ ಚೆಕಿಂಗ್ ಆಗಿಯೇ ಬರಬೇಕು.

ಒಂದು ಬೆಳಿಗ್ಗೆ ಸ್ನಾನ ಮುಗಿಸಿ ಹಿತ್ತಲಿಗೆ ಬಂದರೆ, ಪಾತ್ರೆ ತಿಕ್ಕುವ ಕಲ್ಲಿನಾಚೆಯ ಗೂಡಿನಲ್ಲಿ, ಅಡುಗೆಮನೆಯ ಯಾವ ಪಾತ್ರೆಗೂ ತಾಗದಂತೆ, ತಟ್ಟೆ ಮುಚ್ಚಿದ ಒಂದು ಸ್ಟೀಲ್ ಲೋಟ. ತಟ್ಟೆ ಎತ್ತಿದೆ. ಅರ್ಧ ಲೋಟ ತಣ್ಣೀರಿನಲ್ಲಿ ಪುಡಿ ಮೆಲ್ಲಗೆ ಉಬ್ಬುತ್ತಿತ್ತು.

"ಮುಚ್ರಿ ಅದನ್ನ," ಬೆನ್ನ ಹಿಂದೆಯೇ ನಿಂತಿದ್ದಳು. "ಪೂಜಿ ಮುಗಿಯೋತನಕ ನೆನೀಲಿ. ಹೋಗಿ ಚಾಪಿ ಹಾಸ್ರಿ."

ಮುಚ್ಚಿದೆ. ಹೋಗಿ ಎರಡು ಚಾಪೆ ಹಾಸಿದೆ.