ಹಿಂದಿನ ಸ್ಪೀಕರಿನ ಮಾತು

ಕಳೆದ ಭಾನುವಾರ ಮಧ್ಯಾಹ್ನ, ಊಟವಾದ ಮೇಲೆ, ನಾನು ಸಾಂಗ್ಲಿಯ ವಿಶ್ರಾಮಬಾಗದಲ್ಲಿ ಅಣ್ಣನ ಹೊಸ ಫ್ಲ್ಯಾಟಿನ ಹಾಲಿನಲ್ಲಿ ನಿಂತಿದ್ದೆ. ಸೋಫಾದ ಹಿಂದೆ, ಬಲಗಡೆಯ ಸ್ಪೀಕರಿಗೆ ಮೊಣಕೈ ತಾಗುವಷ್ಟು ಹತ್ತಿರ. ಜಾಗವನ್ನು ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ಸ್ವಲ್ಪ ಹೊತ್ತಿಗೆ ಎಲ್ಲರೂ ತಿರುಗಿ ನನ್ನತ್ತಲೇ ನೋಡಿದರು.

ಸೋಫಾದ ಮೇಲೆ ಅಣ್ಣ, ಅವನ ಹೆಂಡತಿ ವೈನಿ, ಮತ್ತು ಕಮಲಾ ಮಾವಶಿ (ತೀರಿಹೋದ ನಮ್ಮವ್ವನ ತಂಗಿ). ನೆಲದ ಮೇಲೆ ರಿಮೋಟ್ ಹಿಡಿದು ಅಣ್ಣನ ಮಗ ಸಂದೀಪ.

ಸಂದೀಪ ಹೊಸ ಹೋಮ್ ಥಿಯೇಟರ್ ಪ್ರೊಸೆಸರ್ ತಂದಿದ್ದ. ಹಳೆಯದು ಹಾಳಾಗಿತ್ತೇ? ಇಲ್ಲ. ಅವನ ತೊಟ್ಟಿಲ ದಿನ ವೈನಿ ಹಾಡಿದ ಜೋಗುಳದ ಕ್ಯಾಸೆಟ್ ಒಂದಿತ್ತು. ಯಾವತ್ತೋ ಟೇಪು ಸಿಕ್ಕಿಕೊಂಡು, ಯಾರೂ ಅದನ್ನು ಕೇಳಿರಲಿಲ್ಲ. ಅವನು ಅದನ್ನು ಪುಣೆಯ ಸ್ಟುಡಿಯೋದಲ್ಲಿ ಸರಿಮಾಡಿಸಿ, ಹೈ-ರೆಸಲ್ಯೂಶನ್ ಫೈಲ್ ಮಾಡಿಸಿದ. ಇಪ್ಪತ್ನಾಲ್ಕು ಬಿಟ್, ನೂರಾ ತೊಂಬತ್ತೆರಡು ಕಿಲೋಹರ್ಟ್ಜ್. ಹಳೆಯ ಪ್ರೊಸೆಸರ್ ಆ ಫೈಲನ್ನು ಒಪ್ಪಲಿಲ್ಲ. ಫಾರ್ಮ್ಯಾಟ್ ಸಪೋರ್ಟ್ ಇಲ್ಲ ಅಂತ ಬರೆದು ಸುಮ್ಮನಾಯಿತು.

‘ಫೈಲ್ ಸಣ್ಣದು ಮಾಡಿ ಕೇಳಬಹುದಿತ್ತಲ್ಲೋ?’ ಅಂದೆ.

‘ಸಣ್ಣದು ಮಾಡಿದ್ರ ಏನರ ಕಳೀತದ, ಕಾಕಾ. ಆಯೀದು ಪೂರ್ತಿ ಪಾಹಿಜೆ.’ ತಾಯಿಯದು ಪೂರ್ತಿ ಬೇಕಂತೆ.

ವೈನಿ ಬುಧಗಾಂವದ ಮರಾಠಿ ಮನೆಯ ಹುಡುಗಿ. ನಮ್ಮ ಮನೆಗೆ ಬಂದಾಗ ಕನ್ನಡದ ಒಂದು ಅಕ್ಷರ ಬರುತ್ತಿರಲಿಲ್ಲ. ಅವ್ವನ ಮುಖದಲ್ಲಿ ಸೊಸೆಗಾಗಿ ನಗು ಕಂಡವರು ಕಡಿಮೆ. ಆದರೆ ವೈನಿ ಒಂದು ದಿನವನ್ನು ಮಾತ್ರ ಜೋಪಾನವಾಗಿ ಇಟ್ಟುಕೊಂಡಿದ್ದರು. ಮೊನ್ನೆ ಭಾನುವಾರವೂ ಸೆರಗು ಸರಿಮಾಡಿಕೊಳ್ಳುತ್ತ ಅದನ್ನೇ ಹೇಳಿದರು.

‘ನಾ ಹಾಡೂ ಮುಂದ ಅತ್ತಿಯವರು ಎಷ್ಟ ನಕ್ಕಿದ್ರು! ಅವತ್ತೊಂದ ದಿನ ನಾ ಅವರಿಗೆ ಸೇರಿದ್ದೆ.’

ಸಂದೀಪ ಬಟನ್ ಒತ್ತಿದ.

ಮುಂದಿನ ಸ್ಪೀಕರಿನಿಂದ ವೈನಿಯ ಎಳೆಯ ದನಿ ಬಂತು. ಮರಾಠಿ ಜೋಗುಳ. ಅಣ್ಣ ಕಣ್ಣು ಮುಚ್ಚಿದ. ಈ ಪ್ರೊಸೆಸರಿಗೆ ಇನ್ನೊಂದು ಗುಣವಿದೆ: ಹಾಡನ್ನು ಮುಂದಕ್ಕೆ ಕೊಟ್ಟು, ಸುತ್ತಲಿನ ಸದ್ದನ್ನು ಹಿಂದಿನ ಸ್ಪೀಕರುಗಳಿಗೆ ಹಂಚುತ್ತದೆ. ಜೋಗುಳ ರೆಕಾರ್ಡ್ ಮಾಡಿದ ಅಣ್ಣನ ಆ ಕಾಲದ ಟೂ-ಇನ್-ಒನ್ ಟೇಪ್ ರೆಕಾರ್ಡರಿಗೆ ಎರಡು ಮೈಕು ಇದ್ದವು; ಸುತ್ತಲಿನ ಮಾತೂ ಅದರಲ್ಲಿ ಸೇರಿತ್ತು. ಹಾಗಾಗಿ ನನ್ನ ಮೊಣಕೈ ಪಕ್ಕದಿಂದ ಅವ್ವ ಮಾತಾಡಿದಳು.

‘ನಮ್ಮ ಕೂಸಿಗೆ ಕನ್ನಡದಾಗ ಒಂದ ಜೋಗುಳ ಸಿಗಲಿಲ್ಲ ನೋಡ.’

‘ದನಿ ಕೇಳಬೇ ಅಕ್ಕಾ. ಗಿರಣಿ ಪಟ್ಟಾ ಹರಿದಂಗ!’ ಇದು ಮಾವಶಿ.

‘ಏ, ಕೇಳಿಸ್ಕೊಂಡಾಳು.’

‘ಕೇಳಿಸ್ಕೊಳ್ಲಿ. ಅಕಿಗೆಲ್ಲಿ ತಿಳೀತೈತಿ?’ ಮತ್ತೆ ಮಾವಶಿ.

ಆಮೇಲೆ ಅವ್ವನ ಆ ನಗು. ಅದರ ಮೇಲೆ ಅಣ್ಣನ ದನಿ: ‘ರೆಕಾರ್ಡ್ ಆಗಾಕತ್ತೈತಿ, ಸುಮ್ನಿರ್ರಿ!’ ಅವನೂ ನಗುತ್ತಿದ್ದ.

ಎಲ್ಲರೂ ತಿರುಗಿದರು. ಹಿಂದೆ ಇದ್ದದ್ದು ನಾನೊಬ್ಬನೇ.

ಸಾಂಗ್ಲಿ-ಮಿರಜಿನ ಕನ್ನಡದವರು ನಾವು. ಪೇಟೆಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ. ಮರಾಠಿಯವರನ್ನು ಎದುರಿಗೆ ಕೂಡಿಸಿಕೊಂಡು ಅವರದೇ ಸುದ್ದಿ ಮಾತಾಡಬೇಕಾದರೂ ಕನ್ನಡ! (ನೀವು ಮಾಡಿಲ್ಲವೇ? ನೆನಪು ಮಾಡಿಕೊಳ್ಳಿ.) ಇದು ನಮಗೆ ಜಾಣತನ ಅನ್ನಿಸುತ್ತದೆ. ಎದುರಿಗಿದ್ದವರು ಆ ಭಾಷೆಯನ್ನು ಒಂದು ದಿನ ಕಲಿತುಬಿಟ್ಟರೆ?

ವೈನಿ ಕಲಿತರು. ಈಗ ಆ ಮನೆಯಲ್ಲಿ ನೆಟ್ಟಗೆ ಕನ್ನಡ ಮಾತಾಡುವವರು ಅವರೇ. ಮಿರಜಿನ ಡಾಕ್ಟರ ಮುಂದೆ ಮಾವಶಿಯ ಕನ್ನಡವನ್ನು ಮರಾಠಿ ಮಾಡಿ ಹೇಳುವವರೂ ಅವರೇ. ಸಂದೀಪನಿಗೆ ಅರ್ಧ ತಿಳಿಯುತ್ತದೆ, ಅರ್ಧ ಇಲ್ಲ. ತಿಳಿಯದ ಅರ್ಧಕ್ಕೆ ಅವನು ಯಾವಾಗಲೂ ತಾಯಿಯನ್ನೇ ಕೇಳುತ್ತಾನೆ. ಈಗಲೂ ಕೇಳಿದ.

‘ಆಯೀ, ಹರಿದಂಗ ಅಂದ್ರ? ಆಜಿ ಕಾಯ್ ಮ್ಹಣಾಲಿ?’ ಅಜ್ಜಿ ಏನಂದಳು?

ವೈನಿ ಮಾವಶಿಯನ್ನು ನೋಡಲಿಲ್ಲ. ಅಣ್ಣನನ್ನೂ ನೋಡಲಿಲ್ಲ. ಶುದ್ಧ ನಮ್ಮ ಕನ್ನಡದಲ್ಲಿ ಹೇಳಿದರು:

‘ನನಗೆಲ್ಲಿ ತಿಳೀತೈತೋ?’

ಮಾವಶಿ ಗೊಣಗಿದರು, ‘ನಾ ಅಲ್ಲವಾ. ಅದು ನಿಮ್ಮತ್ತಿ.’ ಅಣ್ಣ ಕಣ್ಣಿನ ಚಾಳೀಸು ತೆಗೆದು ಒರೆಸತೊಡಗಿದ.

ನಾನೇನು ಮಾಡಿದೆ? ‘ಸಂದೀಪ, ಈಗ ಪರದೆ ಮ್ಯಾಲೆ ಎಷ್ಟ ಕಿಲೋಹರ್ಟ್ಜ್ ತೋರಸ್ತೈತಿ?’ ಅಂದೆ. ನಿಜವಾಗಿ ಅಂದೆ. ಬಾಯಿಂದ ಹೊರಟ ಆ ಪ್ರಶ್ನೆ ನನಗೆ ಈಗಲೂ ಕೇಳಿಸುತ್ತಿದೆ. ಅದಕ್ಕೆ ಯಾವ ಪ್ರೊಸೆಸರೂ ಬೇಕಿಲ್ಲ.

ವೈನಿ ಎದ್ದು ಅಡುಗೆಮನೆಗೆ ಹೋದರು. ಹಾಡು ಇನ್ನೂ ನಡೆದಿತ್ತು. ಒಳಗಿಂದ ಎಂದಿನ ದನಿಯಲ್ಲೇ ಕೇಳಿದರು, ‘ಮಾವಶಿ, ನಿಮ್ಮ ಚಾಕ್ಕ ಸಕ್ರಿ ಬ್ಯಾಡಲ್ಲರಿ?’

ಸಂದೀಪ ಹಾಡು ನಿಲ್ಲಿಸಿದ. ತಿಳಿಯದಿದ್ದ ಅರ್ಧ ಅವನಿಗೆ ಆಗ ತಿಳಿದಿರಬೇಕು.

ಅವ್ವ ಇಲ್ಲ. ಇದನ್ನು ಕಂಡವರು, ಕೇಳಿದವರು ಉಳಿದ ಎಲ್ಲರೂ ಇದ್ದೇವೆ: ಅಣ್ಣ ಶಿವಾನಂದ, ಕಮಲಾ ಮಾವಶಿ, ಸಂದೀಪ, ನಾನು, ಶಾಲಿನಿ ವೈನಿ. ನಾವು ನಾಲ್ವರೂ ಅವರ ಕ್ಷಮೆ ಕೇಳಬೇಕು, ಸರಿ. ಯಾವ ಭಾಷೆಯಲ್ಲಿ?