ಮೂಗಮ್ಮ ಕೇಳಿದ ಹಿಟ್ಟು

ಗುಂಡ್ಲುಪೇಟೆಯ ಚರ್ಚಿನ ಪುಸ್ತಕದಲ್ಲಿ ಅವಳು ಮಾರ್ತಾ. ರೇಷನ್ ಕಾರ್ಡಿನಲ್ಲಿ, ಓಟರ್ ಲಿಸ್ಟಿನಲ್ಲಿ, ಗಂಡನ ಬಾಯಲ್ಲಿ ಮೂಗಮ್ಮ. ಅವಳಿಗಿಂತ ಮುಂಚೆ ಹುಟ್ಟಿದ ಎರಡು ಹೆಣ್ಣು ಕೂಸುಗಳು ತೊಟ್ಟಿಲಲ್ಲೇ ಹೋಗಿದ್ದವು. ಇದಾದರೂ ಉಳಿಯಲಿ ಎಂದು ಅಜ್ಜಿ ಮಗುವನ್ನು ಮೊರದಲ್ಲಿ ಹಾಕಿ, ತಿಪ್ಪೆಯ ಮೇಲೆ ಒಂದು ಗಳಿಗೆ ಮಲಗಿಸಿ, ಮೂಗು ಚುಚ್ಚಿಸಿ ಆ ಹೆಸರಿಟ್ಟಳಂತೆ. ಹುಡುಗಿ ಉಳಿದಳು. ಉಳಿದದ್ದು ಮಾತ್ರವಲ್ಲ, ಊರಿಗೇ ಕೇಳಿಸುವಷ್ಟು ದೊಡ್ಡ ಗಂಟಲನ್ನೂ ಬೆಳೆಸಿಕೊಂಡಳು.

ಈಗ ಐವತ್ತೊಂದು ವರ್ಷ. ಗುಂಡ್ಲುಪೇಟೆಯಲ್ಲಿ ಸಿಸ್ಟರುಗಳು ನಡೆಸುವ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆಯವಳು. ಗಂಡ ಮಾದಣ್ಣ, ಚರ್ಚಿನ ಪುಸ್ತಕದಲ್ಲಿ ಮತ್ತಾಯ, ಅದೇ ಹಾಸ್ಟೆಲಿನ ವ್ಯಾನ್ ಓಡಿಸುತ್ತಾನೆ. ಚರ್ಚಿನ ಸಹಾಯ ಸಂಘ ಎಲ್ಲಿಗೆ ಹೊರಟರೂ ಈ ಇಬ್ಬರು ಮುಂದಿನ ಸೀಟಿನಲ್ಲಿರುತ್ತಾರೆ. ಕೊಡಗಿನಲ್ಲಿ ಗುಡ್ಡ ಜಾರಿದಾಗ ಹೋಗಿದ್ದರು. ವಯನಾಡಿನಲ್ಲಿ ಮಣ್ಣು ಬಿದ್ದಾಗ ಕಾಡು ದಾಟಿ ಹೋಗಿ, ಮಣ್ಣು ತೆಗೆಯುವವರಿಗೆ ಒಂಬತ್ತು ದಿನ ಗಂಜಿ ಬೇಯಿಸಿದ್ದರು. ಕೊಡಗಿನಲ್ಲಿ ಯಾರೋ ಪುಣ್ಯಾತ್ಮರು ಕಳಿಸಿದ್ದ ಹರಕಲು ಸೀರೆಗಳ ಮೂಟೆಯನ್ನು ಬಿಚ್ಚಿ ನೋಡಿದ ದಿನ ಮೂಗಮ್ಮ ಒಂದು ಕಾನೂನು ಮಾಡಿಕೊಂಡಳು: ಏನು ಬೇಕು ಅಂತ ಮೊದಲು ಕೇಳು, ಕೇಳಿದ್ದನ್ನೇ ಕೊಡು, ಕೊಡುವಾಗ ಫೋಟೋ ತೆಗೆಯಬೇಡ. ಹೊಸದಾಗಿ ಬಂದ ಹುಡುಗ ಹುಡುಗಿಯರಿಗೆಲ್ಲ ಇದನ್ನು ಬಾಯಿಪಾಠ ಮಾಡಿಸುತ್ತಿದ್ದಳು. ಹೀಗೆ ಊರಿಗೆಲ್ಲ ಪಾಠ ಹೇಳುತ್ತಿದ್ದವಳೇ ಒಂದು ಸಲ ಮುಗ್ಗರಿಸಿದಳು, ಅದೂ ತನ್ನ ತವರಿನಲ್ಲೇ.

ಕುದೇರಿನಿಂದ ಆಚೆ, ಹಳ್ಳದ ದಂಡೆಯ ಮೇಲೆ ಅವಳ ತವರೂರು. ಆ ಮಳೆಗಾಲ ಮೇಲಿನ ಕೆರೆ ಕೋಡಿ ಬಿದ್ದು, ಸಂಜೆಗೆ ಏರಿಯೂ ಒಡೆದು, ನೀರು ಊರಿಗೆ ನುಗ್ಗಿತು. ಜೀವಕ್ಕೆ ಏನೂ ಆಗಲಿಲ್ಲ. ಒಲೆ, ಸೌದೆ, ರಾಗಿ, ಹಾಸಿಗೆ ಎಲ್ಲ ನೀರು ಪಾಲಾದವು. ಇನ್ನೂರು ಜನ ದಿಣ್ಣೆ ಮೇಲಿನ ಸ್ಕೂಲು ಸೇರಿದರು. ಮೂರನೆಯ ದಿನ ಬೆಳಿಗ್ಗೆ ಮೂಗಮ್ಮನಿಗೆ ಅಣ್ಣನ ಮಗಳು ಭವ್ಯ ಫೋನ್ ಮಾಡಿದಳು.

"ಅತ್ತೆ, ಇಲ್ಲಿ ಬರೀ ಬನ್ನು ಬಿಸ್ಕತ್ತು ಕೊಡ್ತಾವ್ರೆ. ಅಪ್ಪನ್ಗ ಸಕ್ರೆ ಕಾಯ್ಲೆ, ಅದ ತಿನ್ನಂಗಿಲ್ಲ. ಮಾತ್ರೆ ಮಾತ್ರ ನುಂಗ್ಬುಟ್ಟು ಸುಮ್ನ ಕುಂತದ. ಕೈ ನಡುಗ್ತಾವೆ. ಇಟ್ಟು ಕಂಡು ಎರಡ್ ದಿನ ಆಯ್ತು ಅತ್ತೆ, ನಮ್ಗೂವೆ."

ಆ ಅಣ್ಣ ಚಿಕ್ಕಮಲ್ಲಪ್ಪ. ಇಪ್ಪತ್ತೆಂಟು ವರ್ಷದ ಹಿಂದೆ ಮೂಗಮ್ಮ ಮಾದಣ್ಣನನ್ನು ಕಟ್ಟಿಕೊಂಡು ದೀಕ್ಷಾಸ್ನಾನ ತೆಗೆದುಕೊಂಡಾಗ, "ಇನ್ನು ನಿನ್ ಕೈ ನೀರ ಮುಟ್ಟಕಿಲ್ಲ" ಎಂದು ಊರ ಮುಂದೆ ನಿಂತು ಹೇಳಿದವನು. ಹೇಳಿದ್ದನ್ನು ನಡೆಸಿಕೊಂಡೂ ಬಂದ. ನೀರು ಹಾಗಿರಲಿ, ಮಾತನ್ನೂ ಬಿಟ್ಟ. ತಾಯಿ ಸತ್ತಾಗ ಒಂದೇ ಅಂಗಳದಲ್ಲಿ ನಿಂತು, "ಆಯಮ್ಮನ್ಗ ಯೋಳು, ಹೂವ ಆಕ್ಬುಟ್ಟು ಓಗ್ಲಿ" ಎಂದು ಪಕ್ಕದವನಿಗೆ ಹೇಳಿದ್ದ. ಆ ಮಾತು ಮೂಗಮ್ಮನಿಗೆ ಹೆಣಕ್ಕಿಂತ ಹೆಚ್ಚು ನೋವು ಕೊಟ್ಟಿತ್ತು. ಆದರೂ ಅಣ್ಣ ಹಸಿದಿದ್ದಾನೆ ಎಂದು ಕೇಳಿದಾಗ ಅವಳಿಗೆ ಸಿಟ್ಟು ಬರಲಿಲ್ಲ. ಈ ಸಲ ಅವನು ಉಣ್ಣಲೇಬೇಕು, ನನ್ನ ಕಣ್ಣೆದುರಿಗೇ ಉಣ್ಣಬೇಕು ಎಂದು ತೀರ್ಮಾನಿಸಿದಳು.

ತಕ್ಷಣ ಮೈಸೂರಿನ ಸಂಘದ ಆಫೀಸಿಗೆ ಫೋನ್ ಮಾಡಿದಳು. ಅಲ್ಲಿ ಪರಿಹಾರದ ಕೆಲಸ ನೋಡಿಕೊಳ್ಳಲು ಹೊಸದಾಗಿ ಬಂದಿದ್ದವನು ಮಂಗಳೂರು ಕಡೆಯ ಒಬ್ಬ ಬ್ರದರ್, ಪಾದ್ರಿಯಾಗಲು ಓದುತ್ತಿದ್ದ ಬಿಸಿ ರಕ್ತದ ಹುಡುಗ.

"ಬ್ರದರೂ, ಇನ್ನೂರು ಜನಕ್ಕೆ ಇಟ್ಟು ಬೇಕು. ಸಾಯಂಕಾಲದೊಳಗೇ ಬರ್ಬೇಕು. ಸಾರು ನಾವ್ ತತ್ತೀವಿ."

"ಹಿಟ್ಟಾ ಅಮ್ಮ? ಯಾವ ಹಿಟ್ಟು?"

"ಇನ್ಯಾವ್ದು ಬ್ರದರೂ? ರಾಗಿ ಇಟ್ಟೇಯ!"

"ಆಯ್ತಮ್ಮ, ನೀವು ಎಂತ ತಲೆಬಿಸಿ ಮಾಡ್ಬೇಡಿ. ನಾನೇ ತರ್ತೇನೆ."

ಇಷ್ಟೇ ಮಾತು. ಎರಡೂ ಕಡೆ ಅಚ್ಚ ಕನ್ನಡ, ಎರಡೂ ಕಡೆ ಒಳ್ಳೆಯ ಮನಸ್ಸು. ನಮ್ಮ ಸೀಮೆಯಲ್ಲಿ ಹಿಟ್ಟು ಎಂದರೆ ಬೆಂದು, ಉಂಡೆಯಾಗಿ, ತಟ್ಟೆಗೆ ಬಿದ್ದ ಮುದ್ದೆ. ಮೈಸೂರಿನ ಯಾವುದಾದರೂ ದೊಡ್ಡ ಅಡುಗೆಮನೆಯಲ್ಲಿ ಮುದ್ದೆ ಮಾಡಿಸಿ, ಬಿಸಿ ಆರದ ಕ್ಯಾನುಗಳಲ್ಲಿ ತುಂಬಿಸಿ ತರುತ್ತಾರೆ ಎಂದು ಮೂಗಮ್ಮ ನಂಬಿದಳು. ಪಾಪ, ಆ ಹುಡುಗ ತನ್ನ ಊರಿನ ಅರ್ಥ ಹಿಡಿದುಕೊಂಡು ಫ್ಲೋರ್ ಮಿಲ್ಲಿಗೆ ಓಡಿದ.

ಗುಂಡ್ಲುಪೇಟೆ ಮಾರ್ಕೆಟ್ಟಿನವರು ಕುಂಬಳಕಾಯಿ, ಟೊಮ್ಯಾಟೊ ಕೊಟ್ಟರು. ಹಾಸ್ಟೆಲಿನಲ್ಲಿ ನಾಲ್ಕು ಜನ ಹೆಂಗಸರು ಸೇರಿ ಎರಡು ದೊಡ್ಡ ಪಾತ್ರೆ ಹುಳಿ ಸಾರು ಕುದಿಸಿದರು. ಗಡಿಬಿಡಿಯಲ್ಲಿ ಒಬ್ಬಳು ಮಾಡಿದ್ದು ಇನ್ನೊಬ್ಬಳಿಗೆ ಗೊತ್ತಿಲ್ಲ. ಮಾದಣ್ಣ ವ್ಯಾನು ತೆಗೆದ. ಚಾಮರಾಜನಗರ ದಾಟಿದ ಮೇಲೆ ರಸ್ತೆ ಎರಡು ಕಡೆ ಕಿತ್ತುಹೋಗಿತ್ತು. ಸಾರು ತುಳುಕದಂತೆ ಪಾತ್ರೆಯನ್ನು ಅಪ್ಪಿ ಹಿಡಿದುಕೊಂಡೇ ಹೆಂಗಸರು ಊರು ತಲುಪಿದರು.

ಸ್ಕೂಲಿನ ಜಗಲಿಯಲ್ಲಿ ಕಂಬಕ್ಕೆ ಒರಗಿ ಚಿಕ್ಕಮಲ್ಲಪ್ಪ ಕೂತಿದ್ದ. ಮುಖ ಬತ್ತಿತ್ತು, ತುಟಿ ಒಣಗಿತ್ತು. ತಂಗಿಯನ್ನು ನೋಡಿ ಕತ್ತನ್ನು ಆಚೆ ತಿರುಗಿಸಿದ. ಕತ್ತು ತಿರುಗಿಸುವಷ್ಟು ಶಕ್ತಿ ಇದೆಯಲ್ಲ, ಸದ್ಯ ಎಂದುಕೊಂಡಳು ಮೂಗಮ್ಮ.

ಮೂರು ಗಂಟೆಗೆ ಮೈಸೂರಿನ ಲಾರಿ ಬಂತು. ಬ್ರದರ್ ಕೆಳಗೆ ಹಾರಿ, ಹೆಮ್ಮೆಯಿಂದ ಟಾರ್ಪಾಲು ಎಳೆದ. "ಎಲ್ಲಾ ಕರೆಕ್ಟ್ ಉಂಟು ಅಮ್ಮ. ಒಬ್ಬೊಬ್ಬರಿಗೆ ಎರಡೂವರೆ ಕಿಲೋ!"

ಹತ್ತು ಮೂಟೆ ರಾಗಿ ಹಿಟ್ಟು. ಒಂದೊಂದರ ಮೇಲೂ ಅಂಗೈಯಗಲದ ಕೆಂಪು ಶಿಲುಬೆ ಮುದ್ರೆ.

ಮೂಗಮ್ಮ ಮೂಟೆ ನೋಡಿದಳು, ಹುಡುಗನನ್ನು ನೋಡಿದಳು. "ಬ್ರದರೂ, ನಾನ್ ಇಟ್ಟು ಕೇಳ್ದೆ."

"ಹಿಟ್ಟೇ ಅಲ್ವಾ ಅಮ್ಮ ಇದು?"

ಬೈಯಲು ಬಾಯಿ ತೆರೆದವಳಿಗೆ ತನ್ನದೇ ಕಾನೂನು ನೆನಪಾಯಿತು. ಏನು ಬೇಕು ಅಂತ ಹುಡುಗ ಕೇಳಿದ್ದ, ಎರಡು ಸಲ ಕೇಳಿದ್ದ. ಕೇಳಿದ್ದನ್ನೇ ತಂದಿದ್ದ. ಸರಿಯಾಗಿ ಹೇಳದವಳು ತಾನು. ಈಗ ಇನ್ನೂರು ಜನರ ಮುಂದೆ ಹಸಿ ಹಿಟ್ಟು ಇದೆ, ಬೇಯಿಸಲು ಒಂದು ಒಣ ಸೌದೆ ಇಲ್ಲ.

ಅಷ್ಟು ಸಾಲದು ಎಂಬಂತೆ ಕಂಬದ ಬುಡದಿಂದ ದನಿ ಬಂತು. ಚಿಕ್ಕಮಲ್ಲಪ್ಪ ಯಾರನ್ನೂ ನೋಡದೆ, ಎದುರಿನ ಗೋಡೆಗೆ ಹೇಳಿದ: "ಮೂಟೆ ಮ್ಯಾಗಿನ ಮುದ್ರೆ ನೋಡ್ಕಳ್ರಪ್ಪ. ಇವತ್ತು ಇಟ್ಟು, ನಾಳೀಕ ಎಸ್ರು ಬದಲಾಯಿಸ್ಕಳಿ ಅಂದಾರು." ಪಾತ್ರೆಯ ಹತ್ತಿರ ಬಂದಿದ್ದ ನಾಲ್ಕಾರು ಹೆಂಗಸರು ಹಿಂದೆ ಸರಿದರು. ಊರಿನಲ್ಲಿ ಅವನ ಮಾತಿಗೆ ತೂಕವಿತ್ತು.

ಮೂಗಮ್ಮನಿಗೆ ಪಿತ್ತ ನೆತ್ತಿಗೇರಿತು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಂಗಳದ ನಡುವೆ ನಿಂತಳು. "ನಾನು ಎಸ್ರು ಬದಲಾಯಿಸ್ಕಂಡು ಇಪ್ಪತ್ತೆಂಟ್ ವರ್ಸ ಆಯ್ತು, ಇನ್ನೂವೆ ಎಲ್ಲಾರೂ ಮೂಗಿ ಅಂತ್ಲೇ ಕರಿತೀರ! ನನ್ ಪ್ರಾರ್ಥನೆ ನಾನು ವ್ಯಾನಲ್ಲೇ ಮುಗಿಸ್ಕ ಬಂದಿವ್ನಿ. ಇಲ್ಲಿ ಯಾರೂ ಕೈ ಮುಗಿಯದ್ ಬ್ಯಾಡ, ಯಾರೂ ಫೋಟೋ ತೆಗೆಯಕಿಲ್ಲ. ಉಣ್ಣಿ. ಉಂಡ್ಬುಟ್ಟು ಬೇಕಾದ್ರೆ ನನ್ನ ಬೈರಿ."

ಯಾರೂ ಮುಂದೆ ಬರಲಿಲ್ಲ. ಹಿಂದೆಯೂ ಹೋಗಲಿಲ್ಲ. ಇದು ಒಳ್ಳೆಯ ಲಕ್ಷಣ ಎಂದುಕೊಂಡು ಅವಳು ಚಾಮರಾಜನಗರದ ಹುಸೇನನಿಗೆ ಫೋನ್ ಮಾಡಿದಳು. ಹುಸೇನ್ ಮದುವೆಗಳಿಗೆ ಪಾತ್ರೆ, ಗ್ಯಾಸ್ ಒಲೆ ಬಾಡಿಗೆಗೆ ಕೊಡುವವನು, ಹಾಸ್ಟೆಲಿನ ಹಬ್ಬಗಳಿಗೆಲ್ಲ ಅವನದೇ ಪಾತ್ರೆ. ವಿಷಯ ಕೇಳಿ ಬಾಡಿಗೆ ಮಾತೆತ್ತದೆ, ಎರಡು ತಾಮ್ರದ ದೇಗು, ಎರಡು ಒಲೆ, ಸಿಲಿಂಡರು ಹೇರಿಕೊಂಡು ಗೂಡ್ಸ್ ಆಟೋದಲ್ಲಿ ಬಂದ. ಬಿರಿಯಾನಿ ಬೇಯಿಸುವ ದೇಗು. ಹೊಟ್ಟೆ ದೊಡ್ಡದು, ಬಾಯಿ ಚಿಕ್ಕದು. ಅನ್ನಕ್ಕೆ ಸೈ, ಹಿಟ್ಟಿಗೆ ಬಲು ಕಷ್ಟ.

ನೀರು ಕುದಿಯಿತು. ಹಿಟ್ಟು ಸುರಿದದ್ದಾಯಿತು. ತೊಳಸಲು ಕೋಲಿಲ್ಲ. ಯಾರದೋ ಮನೆಯಿಂದ ತೇಲಿ ಬಂದು ಸ್ಕೂಲಿನ ಬೇಲಿಗೆ ಸಿಕ್ಕಿಕೊಂಡಿದ್ದ ಒನಕೆಯನ್ನು ಭವ್ಯ ತೊಳೆದು ತಂದಳು. ಹಿಟ್ಟು ತೊಳಸುವುದೆಂದರೆ ಆಟವಲ್ಲ, ರಟ್ಟೆ ಬೇಕು. ಮೂಗಮ್ಮನ ಬಲಭುಜ ವರ್ಷದಿಂದ ಹಿಡಿದುಕೊಂಡಿತ್ತು, ಕೈ ತಲೆಯವರೆಗೂ ಏಳುತ್ತಿರಲಿಲ್ಲ. ಮಾದಣ್ಣನಿಗೆ ಸ್ಟೇರಿಂಗು ಬಿಟ್ಟು ಬೇರೆ ಏನೂ ತಿರುಗಿಸಿ ಗೊತ್ತಿಲ್ಲ. ಕೊನೆಗೆ ಬ್ರದರೇ ಒನಕೆ ಹಿಡಿದ. ಜನ್ಮದಲ್ಲಿ ಮುದ್ದೆ ಮುಟ್ಟದ ಹುಡುಗ, ಗಂಧ ತೇಯುವ ಹಾಗೆ ಮೆಲ್ಲಗೆ ಸುತ್ತತೊಡಗಿದ. ಎರಡೇ ನಿಮಿಷಕ್ಕೆ ದೇಗಿನಲ್ಲಿ ನಿಂಬೆಹಣ್ಣಿನ ಗಾತ್ರದ ಗಂಟುಗಳು ತೇಲಿದವು.

ಮೂಗಮ್ಮ ಕಂಬದ ಕಡೆ ಓರೆಗಣ್ಣು ಹಾಯಿಸಿದಳು. ಚಿಕ್ಕಮಲ್ಲಪ್ಪ ಈಗ ಗೋಡೆಯನ್ನು ನೋಡುತ್ತಿರಲಿಲ್ಲ, ದೇಗನ್ನು ನೋಡುತ್ತಿದ್ದ. ಸುತ್ತ ಮೂರೂರಿನ ಮದುವೆಗಳಲ್ಲಿ ಹಿಟ್ಟು ತೊಳಸುತ್ತಿದ್ದವನು ಅವನು. ಎಂಥ ಪಾತ್ರೆಯಾದರೂ ಅವನ ಕೈಯಲ್ಲಿ ಒಂದು ಗಂಟು ಬಿದ್ದಿರಲಿಲ್ಲ. ತಂಗಿಗೆ ಇದು ಗೊತ್ತಿಲ್ಲವೇ? ಅವಳು ದನಿಯೆತ್ತಿ ಹೇಳಿದಳು: "ಚೆಂದಾಗಿ ತೊಳಸ್ತಾ ಇದ್ದೀರಿ ಬ್ರದರೂ! ಅಂಗೇ ಮಾಡಿ, ಸರ್ಯಾಗದೆ!"

ಹಸಿ ಸುಳ್ಳು. ಭಾನುವಾರ ಫಾದರ್ ಹತ್ತಿರ ಒಪ್ಪಿಕೊಂಡರಾಯಿತು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದಳು.

ಕಂಬದ ಬುಡದಲ್ಲಿ ಕೂತವನು ಒಂದು ನಿಮಿಷ ತಡೆದುಕೊಂಡ. ಆಮೇಲೆ ತಡೆಯಲಾಗಲಿಲ್ಲ. ಚಿಕ್ಕಮಲ್ಲಪ್ಪ ಎದ್ದು ಬಂದು, ತಂಗಿ ಪಕ್ಕದಲ್ಲೇ ನಿಂತಿದ್ದರೂ ಹುಸೇನನಿಗೆ ಹೇಳಿದ: "ಆಯಪ್ಪನ್ಗ ಯೋಳ್ಲಾ ಹುಸೇನಾ, ಅದು ಇಟ್ಟು, ರೋಡಿಗ ಆಕೋ ಟಾರಲ್ಲ ಅಂತ. ಬುಡ್ಸು ಇತ್ತಗ, ಇಟ್ಟ ಕೊಂದಾಕ್ಬುಟ್ಟ!"

ಒನಕೆ ಕಿತ್ತುಕೊಂಡ. ಪಂಚೆ ಎತ್ತಿ ಕಟ್ಟಿ, ಕಾಲಗಲಿಸಿ ನಿಂತು, ದೇಗಿನ ಗೋಡೆಗೆ ಒತ್ತಿ ಒತ್ತಿ ಗಂಟುಗಳನ್ನು ಒಡೆದ. "ಆಯಮ್ಮನ್ಗ ಯೋಳು, ಉರಿ ಸಣ್ಣ ಮಾಡ್ಲಿ ಅಂತ." ಹುಸೇನ್ ಗಂಭೀರವಾಗಿ ಮೂಗಮ್ಮನ ಕಡೆ ತಿರುಗಿ, "ಅಕ್ಕಾ, ಉರಿ ಸಣ್ಣ ಮಾಡ್ಬೇಕಂತೆ" ಎಂದ. "ಮಾಡಿವ್ನಿ ಅಂತ ಯೋಳಪ್ಪ" ಎಂದಳು ಅವಳು. ಇನ್ನೂರು ಜನರೂ ನೋಡುತ್ತಿದ್ದರು. ಯಾರೋ ನಕ್ಕರು. ಎರಡು ದಿನದಿಂದ ಆ ಜಗಲಿಯಲ್ಲಿ ಯಾರೂ ನಕ್ಕಿರಲಿಲ್ಲ. ಹಿಂದೆ ಸರಿದಿದ್ದ ಹೆಂಗಸರು ತಟ್ಟೆ ತೊಳೆಯಲು ಎದ್ದರು. ಚಿಕ್ಕಮಲ್ಲಪ್ಪನೇ ತೊಳಸಿದ ಹಿಟ್ಟನ್ನು ಬೇಡ ಎನ್ನುವುದು ಹೇಗೆ?

ಮೊದಲ ದೇಗು ಇಳಿಯುವ ಹೊತ್ತಿಗೆ ಅವನ ಕೈ ಅದುರಿತು. ಹಣೆಯಲ್ಲಿ ಬೆವರು ಕಿತ್ತುಕೊಂಡಿತು. ಮಾತ್ರೆ ನುಂಗಿದ ಖಾಲಿ ಹೊಟ್ಟೆ. ಒನಕೆಗೇ ಜೋತುಬಿದ್ದ. ಹುಸೇನ್ ಅವನ ನಡು ಹಿಡಿದು ಮೆಟ್ಟಿಲ ಮೇಲೆ ಕೂರಿಸಿದ.

ಮೂಗಮ್ಮ ಕೈಗೆ ನೀರು ಹಚ್ಚಿಕೊಂಡು, ಸುಡುವ ಹಿಟ್ಟನ್ನು ಬಾಚಿ ಮೊದಲ ಮುದ್ದೆ ಕಟ್ಟಿದಳು. ತಟ್ಟೆಗಿಟ್ಟು ಮೇಲೆ ಸಾರು ಹುಯ್ದಳು. ಭವ್ಯ ಕೈ ಚಾಚಿದಳು. ತಾನು ಕೊಟ್ಟರೆ ಅಪ್ಪ ತಕರಾರಿಲ್ಲದೆ ಉಣ್ಣುತ್ತಾನೆ ಎಂದು ಅವಳಿಗೂ ಗೊತ್ತು, ಮೂಗಮ್ಮನಿಗೂ ಗೊತ್ತು. ಆದರೂ ತಟ್ಟೆಯನ್ನು ಕೊಡಲಿಲ್ಲ. ತಾನೇ ತೆಗೆದುಕೊಂಡು ಹೋಗಿ ಅಣ್ಣನ ಮುಂದೆ ಕುಕ್ಕರಗಾಲಿನಲ್ಲಿ ಕೂತಳು.

ಚಿಕ್ಕಮಲ್ಲಪ್ಪ ಹುಸೇನನಿಗಾಗಿ ಸುತ್ತ ನೋಡಿದ. ಹುಸೇನ್ ಬುದ್ಧಿವಂತ, ಎರಡನೆಯ ಒಲೆಯ ಕಡೆ ಹೋಗಿಬಿಟ್ಟಿದ್ದ. ಮಾತು ದಾಟಿಸಲು ಹತ್ತಿರ ಯಾರೂ ಇರಲಿಲ್ಲ.

"ಇಟ್ಟು ಚರ್ಚಿಂದು. ತೊಳಸಿದ್ದು ನೀನು" ಎಂದಳು ಮೂಗಮ್ಮ.

ಅವನು ತಟ್ಟೆಯನ್ನೇ ನೋಡುತ್ತಾ ಕೇಳಿದ: "ಉಂಡೆ ಕಟ್ಟಿದ್ದು?"

ಭವ್ಯ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಆ ದಿನಕ್ಕೆ ಒಂದು ಸುಳ್ಳು ಆಗಲೇ ಆಗಿತ್ತು, ಇನ್ನೊಂದು ಸೇರಿದರೆ ಫಾದರ್ ಏನೂ ಜಾಸ್ತಿ ಬೈಯುತ್ತಿರಲಿಲ್ಲ. ಅವನ ಕೈ ಬೇರೆ ನಡುಗುತ್ತಿತ್ತು.

"ನಾನೇ ಕಣಣ್ಣ. ಈ ಕೈಯಲ್ಲೇ ಕಟ್ಟಿವ್ನಿ."

ಚಿಕ್ಕಮಲ್ಲಪ್ಪನ ಕಣ್ಣು ತಂಗಿಯ ಕೈಯ ಮೇಲೆ ಹೋಯಿತು. ಬಿಸಿ ಹಿಟ್ಟಿಗೆ ಅಂಗೈ ಕೆಂಪಗಾಗಿತ್ತು. ಅವನು ಮುದ್ದೆಯ ಅಂಚನ್ನು ಮುರಿದು, ಸಾರಿನಲ್ಲಿ ಅದ್ದಿ, ಬಾಯಿಗೆ ಹಾಕಿಕೊಂಡು ನುಂಗಿದ. ಇನ್ನೊಂದು ತುತ್ತು ಮುರಿದ. ಅದನ್ನು ಅದ್ದುವ ಮುಂಚೆ ತಲೆಯೆತ್ತಿ, ನೇರವಾಗಿ ಅವಳ ಮುಖ ನೋಡಿದ.

"ಸಾರ್ಗ ಉಪ್ಪೇ ಆಕಿಲ್ವಲ್ಲಮ್ಮಿ" ಎಂದ. "ಹಾಸ್ಟೆಲಲ್ಲಿ ಆ ಮಕ್ಳಿಗೂ ಇಂಗೇ ಬಡಿಸಿಯಾ?"

ನಾಲ್ಕು ಜನ ಹೆಂಗಸರಲ್ಲಿ ಪ್ರತಿಯೊಬ್ಬಳೂ ಇನ್ನೊಬ್ಬಳು ಉಪ್ಪು ಹಾಕಿದ್ದಾಳೆ ಎಂದು ತಿಳಿದಿದ್ದಳು. ಮೂಗಮ್ಮ ಅದನ್ನು ಹೇಳಹೋದಳು. ಅಷ್ಟು ದೊಡ್ಡ ಗಂಟಲಿನಿಂದ ದನಿಯೇ ಹೊರಡಲಿಲ್ಲ. ಕಣ್ಣಿಂದ ನೀರು ಸುರಿಯತೊಡಗಿತು. ಒರೆಸಿಕೊಳ್ಳಲು ಕೈಯೆಲ್ಲ ಹಿಟ್ಟು.

"ಅಳ್ತಾ ಕುಂತ್ಕಬ್ಯಾಡ, ಏಳು" ಎಂದು ಅವನು ಬಾಯಿ ತುಂಬಿಕೊಂಡೇ ಗದರಿದ. "ಉಪ್ಪಾಕೋಗು. ಜನ ಕಾಯ್ತಾವ್ರೆ."

ಮೂಗಮ್ಮ ಎದ್ದು ಉಪ್ಪು ಹುಡುಕಲು ಹೋದಳು. ಉಣ್ಣುವವರು ಇನ್ನೂ ನೂರ ತೊಂಬತ್ತೊಂಬತ್ತು ಜನ ಇದ್ದರು.